ಏಳನೇ ಸೀಟಿನ ಧ್ವನಿ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಎಂದು ಅಮ್ಮ ಹೇಳುತ್ತಿದ್ದಳು. ಈಗ ಹೇಳುವುದಿಲ್ಲ, ಹೇಳಲು ಅವಳಿಗೆ ಧ್ವನಿಯಿಲ್ಲ. ಬೆರಳಿನಿಂದ ತನ್ನ ಮೂಗಿನ ತುದಿ ಮುಟ್ಟಿ ತೋರಿಸುತ್ತಾಳೆ, ಅಷ್ಟೇ. ಆ ದಿನ ಮ್ಯೂಸಿಯಂ ಬಾಗಿಲಲ್ಲೇ ಅವಳು ಮೂಗು ಮುಟ್ಟಿಕೊಂಡಾಗಿತ್ತು.

ತಪ್ಪು ನನ್ನದಾಗಿರಲಿಲ್ಲ. ಬಾಗಿಲಲ್ಲಿ ತಪಾಸಣೆಗೆ ನಿಂತಿದ್ದವನು ಅಮ್ಮನ ಕತ್ತಿನ ಕಡೆ ಬೆರಳು ತೋರಿಸಿ, "ಆ ಬಟ್ಟೆ ತೆಗೀಬೇಕು ಮೇಡಂ," ಅಂದ.

"ಅದು ತೆಗೆಯೋದಲ್ಲ. ಆಪರೇಷನ್ ಆಗಿದೆ. ಅವರು ಉಸಿರಾಡೋದೇ ಅಲ್ಲಿಂದ."

"ನೀವು ಹೇಳೋದು ಸರಿ ಮೇಡಂ. ಆದ್ರೆ ರೂಲ್ಸು ಎಲ್ಲರಿಗೂ ಒಂದೇ."

ಒಂದೇ ರೂಲ್ಸು ಎಲ್ಲರಿಗೂ ಹೇಗಿರುತ್ತದೆ ಎಂದು ಅವನಿಗೆ ತಿಳಿಸಿ ಹೇಳಲು ನಾನು ಸಜ್ಜಾಗುತ್ತಿದ್ದೆ. ಅಷ್ಟರಲ್ಲಿ ಅಮ್ಮ ತಾನೇ ಬಟ್ಟೆಯ ಅಂಚನ್ನು ಸ್ವಲ್ಪ ಎತ್ತಿ ಆ ತೂತು ತೋರಿಸಿದಳು. ಅವನು ಒಂದು ಹೆಜ್ಜೆ ಹಿಂದೆ ಸರಿದು, "ಆಯ್ತು ಆಯ್ತು, ಹೋಗಿ," ಅಂದ. ನೀರಿನ ಬಾಟಲಿಯನ್ನು ಮಾತ್ರ ಕಿತ್ತುಕೊಂಡು ಲಾಕರಿನಲ್ಲಿಟ್ಟ. ಅಮ್ಮನ ಗಂಟಲು ಒಣಗಿದರೆ ಏನು ಮಾಡಬೇಕು ಎಂದು ಕೇಳಿದ್ದಕ್ಕೆ, ಕೆಳಗೆ ಕೆಫೆ ಇದೆ ಎಂದ.

ಈ ಕಟ್ಟಡದಲ್ಲಿ ಅಮ್ಮ ಅರ್ಧ ಆಯುಷ್ಯ ಕಳೆದಿದ್ದಾಳೆ. ಆಗ ಇದು ಟೆಲಿಫೋನ್ ಎಕ್ಸ್‌ಚೇಂಜ್. ದಪ್ಪ ಕಲ್ಲಿನ ಗೋಡೆ, ಕಮಾನಿನ ಕಿಟಕಿ, ಎಷ್ಟು ಎತ್ತರದ ಚಾವಣಿಯೆಂದರೆ ಬಲ್ಬು ಬದಲಿಸಲು ಎರಡು ಏಣಿ ಕಟ್ಟುತ್ತಿದ್ದರಂತೆ. ಫೋನುಗಳೆಲ್ಲ ತಾವೇ ತಾವಾಗಿ ಜೋಡಣೆಯಾಗುವ ಕಾಲ ಬಂದ ಮೇಲೆ ಇದು ಬಹಳ ಕಾಲ ಬೀಗ ಹಾಕಿಕೊಂಡೇ ಇತ್ತು. ಈಗ ಹೊಸ ಕಾಲದ ಕಲೆಯ ಮ್ಯೂಸಿಯಂ. ಗೋಡೆ ಹಳೆಯದಾದ್ದರಿಂದ ಒಂದು ಮೊಳೆಯನ್ನೂ ಹೊಡೆಯುವಂತಿಲ್ಲ ಎಂಬ ಬೋರ್ಡು ಎಲ್ಲೆಲ್ಲೂ ಇದೆ. ಆ ಬೋರ್ಡನ್ನು ಯಾವುದರಿಂದ ತಗುಲಿಹಾಕಿದ್ದಾರೋ ನಾನು ಬಗ್ಗಿ ನೋಡಿದೆ. ಮೊಳೆಯೇ.

ನಾವು ಬಂದದ್ದು ಕಲೆ ನೋಡುವುದಕ್ಕಲ್ಲ. ಅಮ್ಮನಿಗೆ ಗಂಟಲಿನ ಕಾಯಿಲೆ ಇದೆಯೆಂದು ತಿಳಿಯುವುದಕ್ಕೆ ಸ್ವಲ್ಪ ಮುಂಚೆ ಒಬ್ಬ ಕಲಾವಿದೆ ಬಂದು, ಇಲ್ಲಿ ಕೆಲಸ ಮಾಡಿ ನಿವೃತ್ತರಾದ ಆಪರೇಟರ್ ಹೆಂಗಸರನ್ನೆಲ್ಲ ಒಟ್ಟು ಸೇರಿಸಿದ್ದಳು. ಅವರನ್ನು, ಕರೆಗಳನ್ನು ಕೈಯಿಂದ ಜೋಡಿಸುತ್ತಿದ್ದ ಹಳೆಯ ಸ್ವಿಚ್‌ಬೋರ್ಡಿನ ಮುಂದೆ ಅವರವರ ಸೀಟಿನಲ್ಲಿ ಕೂರಿಸಿ, ಆ ಕಾಲದ ಮಾತುಗಳನ್ನೇ ಮತ್ತೆ ಹೇಳಿಸಿ ರೆಕಾರ್ಡ್ ಮಾಡಿಕೊಂಡಿದ್ದಳು. ಆಮೇಲೆ ಆಪರೇಷನ್ನಿನಲ್ಲಿ ಅಮ್ಮನ ಧ್ವನಿಪೆಟ್ಟಿಗೆಯನ್ನೇ ತೆಗೆದುಬಿಟ್ಟರು. ಕತ್ತಿಗೆ ಒತ್ತಿ ಹಿಡಿದು ಮಾತಾಡುವ ಯಂತ್ರವೊಂದನ್ನು ಕೊಟ್ಟಿದ್ದಾರೆ. ಮಿಕ್ಸಿಗೆ ಮಾತು ಬಂದ ಹಾಗಿದೆ ಎಂದು ಅಮ್ಮ ಅದನ್ನು ಮನೆಯ ಕಪಾಟಿನಲ್ಲಿಟ್ಟವಳು ಮತ್ತೆ ಮುಟ್ಟಿಲ್ಲ. ತುಟಿ ಆಡಿಸುತ್ತಾಳೆ, ನಾನು ನೋಡಿ ತಿಳಿದುಕೊಳ್ಳುತ್ತೇನೆ.

ಮನೆಯಲ್ಲಿ ಅವಳ ಧ್ವನಿ ಎಲ್ಲಿಯೂ ಉಳಿದಿಲ್ಲ. ಇಡೀ ಜೀವನ ಫೋನಿನಲ್ಲಿ ಮಾತಾಡಿದವಳು ನಿವೃತ್ತಿಯ ಮೇಲೆ ಫೋನ್ ಮುಟ್ಟುವುದನ್ನೇ ಬಿಟ್ಟಿದ್ದಳು. ನನ್ನ ಮದುವೆಯ ವಿಡಿಯೋದಲ್ಲಿ ಅವಳು ಬಾಯಿ ತೆರೆದಾಗಲೆಲ್ಲ ವಾದ್ಯದವರು ಊದುತ್ತಾರೆ. ಹಾಗಾಗಿ ಲೋಕದಲ್ಲಿ ನನ್ನ ಅಮ್ಮನ ಧ್ವನಿ ಇರುವುದು ಈ ಮ್ಯೂಸಿಯಮ್ಮಿನಲ್ಲಿ ಮಾತ್ರ. ಒಂದು ಪ್ರತಿ ಕೊಡಿ ಎಂದು ಫೋನ್ ಮಾಡಿದ್ದೆ. ಅದು ಕಲಾಕೃತಿ, ಅದರ ಹಕ್ಕು ಕಲಾವಿದರದು, ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳುವುದಕ್ಕೂ ಅನುಮತಿಯಿಲ್ಲ ಎಂದರು. ಹೆತ್ತವಳ ಧ್ವನಿಯ ಹಕ್ಕು ಮಗಳಿಗಿಲ್ಲ. ದೇವರು ವರ ಕೊಟ್ಟರೂ ಪೂಜಾರಿ ಕೊಡಬೇಕಲ್ಲ.

ಹೋಗೋಣ ಬಾ ಎಂದು ನಾನು ಎಷ್ಟು ಸಲ ಕರೆದರೂ ಅಮ್ಮ ಮುಂದಕ್ಕೆ ಹಾಕುತ್ತಲೇ ಬಂದಳು. ಅವಳಿಗೆ ನೋವಾಗುತ್ತದೇನೋ ಎಂದು ನಾನೂ ಬಲವಂತ ಮಾಡಲಿಲ್ಲ. ಕೊನೆಗೆ ಪ್ರದರ್ಶನದ ಕಡೇ ದಿನ ಬಂತು. ಮಾರನೇ ದಿನದಿಂದ ಎಲ್ಲ ಬಿಚ್ಚಿ ಬೇರೆ ದೇಶಕ್ಕೆ ಸಾಗಿಸುತ್ತಾರೆ ಎಂದು ಗೊತ್ತಾದ ಮೇಲೆ, ಬೆಳಿಗ್ಗೆ ಅವಳೇ ಸೀರೆ ಉಟ್ಟು, ಚಪ್ಪಲಿ ಮೆಟ್ಟಿ, ಬಾಗಿಲಲ್ಲಿ ನಿಂತಿದ್ದಳು.

ನಾನು ಡ್ರೈವಿಂಗ್ ಕಲಿಸುವವಳು. ನನ್ನ ಕಾರಿನಲ್ಲಿ ನನ್ನ ಕಡೆಗೂ ಒಂದು ಬ್ರೇಕ್ ಇದೆ. ವರ್ಷಗಟ್ಟಲೆ ಅದರ ಮೇಲೆ ಕಾಲಿಟ್ಟು ಕೂತು ಕೂತು, ಎಲ್ಲಿ ನಿಂತರೂ ನನ್ನ ಬಲಗಾಲು ತಾನಾಗಿಯೇ ನೆಲ ಒತ್ತುತ್ತದೆ. ಇಲ್ಲಿಯೂ ಒತ್ತಿತು. ಏಕೆಂದರೆ ಈ ಮ್ಯೂಸಿಯಂ ಒಳಗೆ ಒನ್ ವೇ. ನೆಲದ ಮೇಲೆ ಬಾಣದ ಗುರುತು. ಬೋರ್ಡಿನ ಹಾಲ್ ಮೆಟ್ಟಿಲ ಪಕ್ಕದಲ್ಲೇ ಇರುವುದು ಅಮ್ಮನಿಗೆ ಕಣ್ಣು ಮುಚ್ಚಿದರೂ ಗೊತ್ತು. ಆದರೆ ಹಾಗೆ ನೇರ ಹೋಗುವಂತಿಲ್ಲ, ಎಲ್ಲ ಕೋಣೆಗಳನ್ನೂ ಸುತ್ತಿಕೊಂಡೇ ಬರಬೇಕು.

ಸುತ್ತಿದೆವು. ಒಂದು ಕೋಣೆಯ ತುಂಬ ಉಪ್ಪು ಸುರಿದಿದ್ದರು. ಒಂದರಲ್ಲಿ ಕಾಲು ಮುರಿದ ಕುರ್ಚಿಯನ್ನು ತಲೆಕೆಳಗಾಗಿ ತೂಗುಹಾಕಿದ್ದರು. ಇನ್ನೊಂದರಲ್ಲಿ ಗೋಡೆಯ ಮೇಲೆ ಅದೇ ಗೋಡೆಯ ಸಿನಿಮಾ ಓಡುತ್ತಿತ್ತು. ಪಕ್ಕದಲ್ಲಿದ್ದ ಬರಹವನ್ನು ಓದಿದೆ: 'ಅನುಪಸ್ಥಿತಿಯು ತನ್ನನ್ನು ತಾನೇ ಆಲಿಸಿಕೊಳ್ಳುವ ಅವಕಾಶದ ಮರುವಿನ್ಯಾಸ.' ಎರಡು ಸಲ ಓದಿದರೂ ಒಂದಕ್ಷರ ತಲೆಗೆ ಹೋಗಲಿಲ್ಲ. ಅಮ್ಮ ನನ್ನ ತೋಳು ತಟ್ಟಿ, ಗೋಡೆ ತೋರಿಸಿ ತುಟಿ ಆಡಿಸಿದಳು.

"ಇದು ನಮ್ಮ ಟೀ ಕುಡಿಯೋ ರೂಮು. ಆ ಮೂಲೆಯಲ್ಲಿ ಇಲಿ ಇತ್ತು."

ಆ ಬರಹಕ್ಕಿಂತ ಇಲಿಯೇ ವಾಸಿ ಅನ್ನಿಸಿತು.

ಕೊನೆಗೂ ಹಾಲ್ ಸಿಕ್ಕಿತು. ಉದ್ದಕ್ಕೆ ಬೋರ್ಡು, ಅದರ ತುಂಬ ತೂತುಗಳು, ತೂಗುವ ವೈರುಗಳು. ಪ್ರತಿ ಸೀಟಿನ ಮುಂದೆ ಹಿತ್ತಾಳೆಯ ನಂಬರು, ಆ ಸೀಟಿನವಳ ಹರೆಯದ ಕಾಲದ ಫೋಟೋ, ಕಿವಿಗೆ ಹಿಡಿಯುವ ಒಂದು ಇಯರ್‌ಫೋನು. ಹೆಸರಿಲ್ಲ. ಇಲ್ಲಿ ಯಾರಿಗೂ ಹೆಸರಿರಲಿಲ್ಲವಂತೆ. ಸೂಪರ್‌ವೈಸರ್ ಬೆನ್ನ ಹಿಂದಿನಿಂದ ನಂಬರು ಕೂಗುತ್ತಿದ್ದಳು. ಅಮ್ಮ ಆರು. ಆರನೇ ಸೀಟಿನ ಫೋಟೋದಲ್ಲಿ ಎರಡು ಜಡೆಯ ಅಮ್ಮ ಕ್ಯಾಮೆರಾವನ್ನು ಗದರಿಸುವ ಹಾಗೆ ನೋಡುತ್ತಿದ್ದಳು.

"ಮೊದಲು ನೀನು," ಎಂದು ಸನ್ನೆ ಮಾಡಿದಳು. ಇಯರ್‌ಫೋನು ಕಿವಿಗೆ ಹಿಡಿದೆ.

"ನಂಬರ್ ಹೇಳಿ… ಕೊಡ್ತಾ ಇದ್ದೀನಿ, ಲೈನಲ್ಲೇ ಇರಿ… ಬಿಡುವಿಲ್ಲ, ಸ್ವಲ್ಪ ಹೊತ್ತು ಬಿಟ್ಟು ಮಾಡಿ…"

ನುಣುಪಾದ, ಸ್ಪಷ್ಟವಾದ ಧ್ವನಿ. ನಾನು ಕಾಯುತ್ತಿದ್ದೆ. ಅಮ್ಮನಿಗೆ ಒಂದು ಅಭ್ಯಾಸವಿತ್ತು: ಯಾವುದೇ ಮಾತಿಗೆ ಮುಂಚೆ, ಭಾರದ ಕೊಡ ಎತ್ತುವವಳ ಹಾಗೆ, ಒಂದು ಸಣ್ಣ ಉಸಿರು ಎಳೆದುಕೊಳ್ಳುತ್ತಿದ್ದಳು. ಪಕ್ಕದ ಕೋಣೆಯಲ್ಲಿದ್ದರೂ ಆ ಉಸಿರು ಕೇಳಿದರೆ ಬೈಗುಳ ಬರುತ್ತಿದೆ ಎಂದು ನಾನು ಚಿಕ್ಕವಳಿದ್ದಾಗ ಓಡುತ್ತಿದ್ದೆ. ಇದರಲ್ಲಿ ಆ ಉಸಿರಿರಲಿಲ್ಲ. ಪೂರ್ತಿ ಕೇಳಿದೆ, ಮತ್ತೆ ಮೊದಲಿನಿಂದ ಕೇಳಿದೆ. ಇರಲಿಲ್ಲ.

"ಅಮ್ಮಾ, ಇದು ನೀನಾ?"

ಅಮ್ಮ ಇಯರ್‌ಫೋನು ತೆಗೆದುಕೊಂಡು ಬಲಗಿವಿಗೆ ಒತ್ತಿಕೊಂಡಳು. ಅವಳ ಮುಖ ಒಮ್ಮೆಲೇ ಸಡಿಲವಾಯಿತು. ಕಣ್ಣು ಮುಚ್ಚಿದಳು. ಕಳೆದುಕೊಂಡ ಧ್ವನಿ ಕೇಳಿ ಸಂಕಟವಾಗಿದೆ ಎಂದುಕೊಂಡು ನಾನು ಪಕ್ಕಕ್ಕೆ ಸರಿದೆ.

ಸುಮ್ಮನೆ ನಿಲ್ಲುವ ಜಾಯಮಾನ ನನ್ನದಲ್ಲ. ಉಳಿದ ಸೀಟುಗಳನ್ನೂ ಒಂದೊಂದಾಗಿ ಕೇಳಿದೆ. ಎಲ್ಲವೂ ಒಂದೇ. ಅದೇ ನುಣುಪು, ಅದೇ "ಲೈನಲ್ಲೇ ಇರಿ". ಕೆಲಸಕ್ಕೆ ಸೇರಿದ ಹೊಸದರಲ್ಲಿ ಹುಡುಗಿಯರನ್ನು ಬೆನ್ನು ತಿರುಗಿಸಿ ನಿಲ್ಲಿಸಿ ಮಾತಾಡಿಸುತ್ತಿದ್ದರಂತೆ. ಯಾರು ಮಾತಾಡಿದ್ದು ಎಂದು ಟೀಚರಿಗೆ ಗುರುತು ಸಿಕ್ಕರೆ ಆ ಹುಡುಗಿ ಫೇಲು. ಅಮ್ಮ ಇದನ್ನು ಹೆಮ್ಮೆಯಿಂದ ಹೇಳುತ್ತಿದ್ದಳು. ಅಷ್ಟು ಹೆಂಗಸರ ಧ್ವನಿಯನ್ನು ಇಸ್ತ್ರಿ ಹಾಕಿ ಒಂದೇ ಮಾಡಿದ್ದರು. ಆದರೂ ಉಸಿರಿಗೆ ಇಸ್ತ್ರಿ ಹಾಕಲು ಆಗುವುದಿಲ್ಲವಲ್ಲ, ಅದಾದರೂ ಎಲ್ಲೋ ಇರಬೇಕಲ್ಲ ಎಂದು ನಾನು ಹುಡುಕುತ್ತಲೇ ಇದ್ದೆ.

ಏಳನೇ ಸೀಟು ಒಂದೇ ಬಾಕಿ. ಅಲ್ಲಿ ಬೂದು ಸ್ವೆಟರಿನ ಒಬ್ಬ ಮುದುಕರು ಸ್ಟೂಲು ಹಾಕಿಕೊಂಡು, ಇಯರ್‌ಫೋನನ್ನು ಎರಡೂ ಕೈಯಿಂದ ಹಿಡಿದು ಕೂತಿದ್ದರು. ನಾನು ಅವರ ಹಿಂದೆ ನಿಂತೆ. ಗಂಟಲು ಸರಿಮಾಡಿಕೊಂಡೆ. ಬಳೆ ಅಲ್ಲಾಡಿಸಿದೆ. ಸಿಗ್ನಲ್ ಹಸಿರಾದರೂ ಹೊರಡದ ಲಾರಿಯ ಹಾಗೆ ಅವರು ಅಲ್ಲಾಡಲಿಲ್ಲ. ನನ್ನ ಬಲಗಾಲು ನೆಲವನ್ನು ಒತ್ತಿ ಒತ್ತಿ ನೋಯತೊಡಗಿತು.

ಹಾಲಿನ ಕಾವಲಿಗಿದ್ದ ಹೆಂಗಸಿನ ಹತ್ತಿರ ಹೋದೆ. "ಅವರಿಗೆ ಸ್ವಲ್ಪ ಹೇಳ್ತೀರಾ? ಬೇರೆಯವರೂ ಕೇಳಬೇಕಲ್ಲ."

"ಅವರು ದಿನಾ ಬರ್ತಾರೆ ಮೇಡಂ. ಬಾಗಿಲು ಹಾಕೋವರೆಗೂ ಇರ್ತಾರೆ. ಏಳನೇ ಸೀಟಿನವರು ಅವರ ಹೆಂಡ್ತಿ. ಈ ಪ್ರದರ್ಶನ ಶುರುವಾಗೋ ಮುಂಚೆನೇ ತೀರ್ಕೊಂಡ್ರಂತೆ. ನಾವು ಯಾರೂ ಎಬ್ಬಿಸಲ್ಲ."

"ಮತ್ತೆ ನಮ್ಮಮ್ಮನ ಸೀಟಲ್ಲಿ ಬೇರೆ ಯಾರದ್ದೋ ಧ್ವನಿ ಬರ್ತಿದೆ. ವೈರು ಅದಲುಬದಲಾಗಿರಬೇಕು."

"ವೈರಿನ ವಿಷಯ ನನಗೆ ಗೊತ್ತಾಗಲ್ಲ. ಕೆಳಗೆ ಆಫೀಸಲ್ಲಿ ಹೇಳಿ. ಇವತ್ತು ಯಾರೂ ಇಲ್ಲ."

ಇವತ್ತು ಯಾರೂ ಇಲ್ಲ, ನಾಳೆ ಬೋರ್ಡೇ ಇಲ್ಲ. ತಲೆ ಕೆಟ್ಟುಹೋಯಿತು. ಅಮ್ಮನ ಹತ್ತಿರ ಬಂದು, "ಈ ಬುದ್ಧಿವಂತರು ಅಷ್ಟೆಲ್ಲ ಹಕ್ಕು ಹಕ್ಕು ಅಂತ ಹೇಳಿ, ನಿನ್ನ ಧ್ವನೀನೇ ಕಳೆದುಹಾಕಿದ್ದಾರೆ," ಎಂದೆ.

ಅಮ್ಮನ ಭುಜ ಕುಲುಕಿತು. ನಗುತ್ತಿದ್ದಳು. ಸ್ವೆಟರಿನ ಮುದುಕರ ಕಡೆ ಒಮ್ಮೆ ನೋಡಿ, ನನ್ನನ್ನು ಹತ್ತಿರ ಕರೆದು, ನಿಧಾನವಾಗಿ ತುಟಿ ಆಡಿಸಿದಳು.

"ಕಳೆದಿಲ್ಲ. ಏಳರಲ್ಲಿದೆ."

ಏಳನೇ ಸೀಟಿನವಳಿಗೆ ಕೆಲಸಕ್ಕೆ ಸೇರಿದ ಸ್ವಲ್ಪ ಕಾಲಕ್ಕೇ ಎಡಗಿವಿ ಮಂದವಾಯಿತಂತೆ. ಗೊತ್ತಾದರೆ ಕೆಲಸ ಹೋಗುತ್ತಿತ್ತು. ಏಳನೇ ಸೀಟು ರಸ್ತೆಯ ಕಡೆಯ ಕಿಟಕಿಗೆ ಅಂಟಿಕೊಂಡಿತ್ತು. ಹೊರಗಿನ ಗದ್ದಲದಲ್ಲಿ ಅವಳಿಗೆ ಒಂದು ಕಿವಿಯಿಂದ ಏನೂ ತಿಳಿಯುತ್ತಿರಲಿಲ್ಲ. ಅದಕ್ಕೆ ಅಮ್ಮ ತಾನು ಏಳರಲ್ಲಿ ಕೂತು ಅವಳನ್ನು ಆರರಲ್ಲಿ ಕೂರಿಸಿಕೊಂಡಳು. ಧ್ವನಿ ಎಲ್ಲರದೂ ಒಂದೇ, ಬೆನ್ನೂ ಹೆಚ್ಚುಕಡಿಮೆ ಒಂದೇ. ಸೂಪರ್‌ವೈಸರ್ ಆರು ಎಂದರೆ ಅವಳು, ಏಳು ಎಂದರೆ ಅಮ್ಮ ಓಗೊಡುತ್ತಿದ್ದರು. ನಿವೃತ್ತಿಯವರೆಗೂ ಹಾಗೆಯೇ ನಡೆಯಿತು. ಕಲಾವಿದೆ ಬಂದು, ನಿಮ್ಮ ನಿಮ್ಮ ಸೀಟಲ್ಲಿ ಕೂತುಕೊಳ್ಳಿ ಎಂದಾಗ, ಇಬ್ಬರೂ ಯೋಚನೆಯಿಲ್ಲದೆ ರೂಢಿಯ ಜಾಗಕ್ಕೆ ಹೋಗಿ ಕೂತರು. ಕಲಾವಿದೆ ಹಳೆಯ ದಾಖಲೆ ನೋಡಿ ಫೋಟೋ ಅಂಟಿಸಿದಳು.

"ಕೂತ್ಮೇಲೆ ನೆನಪಾಯ್ತು. ಹೇಳೋಣ ಅಂದೆ. ಅವಳು ಬೇಡ ಅಂದ್ಲು. ಈಗ್ಲೂ ಕೆಲಸದಿಂದ ತೆಗೀತಾರೇನೋ ಅನ್ನೋ ಹಾಗೆ ಹೆದರಿದ್ಲು."

"ಹಾಗಾದ್ರೆ ನೀನು ಇಷ್ಟೊತ್ತು ಕಣ್ಣು ಮುಚ್ಚಿ ಕೇಳ್ತಿದ್ದಿದ್ದು…"

"ಅವಳ್ನ."

"ಅದಕ್ಕೇನಾ ಬಂದಿದ್ದು?"

ಅಮ್ಮ ಹೌದೆಂದು ತಲೆಯಾಡಿಸಿದಳು.

ನನಗೆ ಹೊಟ್ಟೆಕಿಚ್ಚಾಯಿತು. ನಾನು ಅಮ್ಮನ ಧ್ವನಿಗಾಗಿ ಕಚೇರಿ ಕಚೇರಿಗೆ ಫೋನ್ ಮಾಡಿ, ಬಾಗಿಲಲ್ಲಿ ಜಗಳವಾಡಿ, ಉಪ್ಪಿನ ರಾಶಿ ಸುತ್ತಿಕೊಂಡು ಬಂದಿದ್ದೇನೆ. ಇವಳು ಬಂದಿರುವುದು ಗೆಳತಿಯ ಧ್ವನಿಗೆ. ನನಗೆ ಬೇಕಾದದ್ದು ಒಂದು ಕೈ ಅಳತೆಯ ದೂರದಲ್ಲಿ ಬೇರೆ ಯಾರದ್ದೋ ಗಂಡನ ಕಿವಿಯಲ್ಲಿದೆ. ಕೈಗೆ ಬಂದ ತುತ್ತು ಬಾಯಿಗೆ ಬರಲಿಲ್ಲ ಎನ್ನುವುದು ಇದಕ್ಕೇ.

ನಾನು ಅವರ ಕಡೆ ತಿರುಗಿದೆ. ಅಮ್ಮ ನನ್ನ ಮಣಿಕಟ್ಟು ಹಿಡಿದಳು.

"ಬೇಡ."

"ಯಾಕೆ ಬೇಡ? ಅವರಿಗೆ ಅವರ ಹೆಂಡ್ತಿ ಧ್ವನಿ ಸಿಗುತ್ತೆ, ನನಗೆ ನಿಂದು. ಯಾರಿಗೆ ಏನು ನಷ್ಟ?" ಎಂದು ಪಿಸುಗುಟ್ಟಿದೆ.

"ಕಿವಿ ವಿಷಯ ಅವರಿಗೂ ಗೊತ್ತಿಲ್ಲ. ಮನೇಲೂ ಮುಚ್ಚಿಟ್ಟಿದ್ಲು."

"ಸತ್ತ ಮೇಲೆ ಎಂಥ ಗುಟ್ಟಮ್ಮ? ಅವರು ಇಷ್ಟು ದಿನದಿಂದ ನಿನ್ನ ಮಾತು ಕೇಳ್ಕೊಂಡು ಅಳ್ತಿದ್ದಾರೆ. ಅದು ಸರೀನಾ?"

ಅಮ್ಮ ಏನೋ ಹೇಳಲು ಹೊರಟಳು. ನಾನು ಮುಖ ಆಚೆ ತಿರುಗಿಸಿದೆ. ಅಮ್ಮನ ಜೊತೆ ಈಗ ಜಗಳ ಗೆಲ್ಲುವುದು ಅಷ್ಟು ಸುಲಭ, ಅವಳ ತುಟಿ ನೋಡದಿದ್ದರೆ ಮುಗಿಯಿತು. ಆವರೆಗೆ ಒಂದು ಸಲವೂ ಹಾಗೆ ಮಾಡಿರಲಿಲ್ಲ. ಅವಳ ಕೈ ನನ್ನ ಮಣಿಕಟ್ಟಿನಿಂದ ಮೆಲ್ಲಗೆ ಜಾರಿತು. ನಾಚಿಕೆಯಾಗಿ ಮತ್ತೆ ತಿರುಗಿ ನೋಡುವಷ್ಟರಲ್ಲಿ ಅವಳು ಹೋಗಿ ಸ್ವೆಟರಿನವರ ಭುಜ ತಟ್ಟುತ್ತಿದ್ದಳು.

ಅವರು ಕಣ್ಣು ಬಿಟ್ಟರು. ಅಮ್ಮನನ್ನು ನೋಡಿ, ಪಕ್ಕದ ಫೋಟೋ ನೋಡಿ, ಗಡಿಬಿಡಿಯಿಂದ ಎದ್ದು ನಿಂತರು. "ನೀವು ಆರನೇ ಸೀಟು. ನಮ್ಮನೆಯವಳ ಬಾಯಲ್ಲಿ ದಿನಾ ನಿಮ್ಮದೇ ಮಾತು."

ಅಮ್ಮ ತನ್ನ ಕತ್ತಿನ ಬಟ್ಟೆ ಮುಟ್ಟಿ ಕೈಯಾಡಿಸಿದಳು.

"ಕೇಳ್ಪಟ್ಟೆ ತಾಯಿ. ಇಷ್ಟು ಮಾತಾಡೋ ಕೆಲಸ ಮಾಡಿದವರಿಗೆ ಹೀಗಾಗಬಾರದಿತ್ತು."

ಅಮ್ಮ ಆರನೇ ಸೀಟಿನ ಇಯರ್‌ಫೋನು ಎತ್ತಿ ಅವರ ಕಡೆ ಚಾಚಿದಳು. ಕೇಳಿ ಎಂಬಂತೆ ಕಿವಿ ತೋರಿಸಿದಳು. ಆಗ ನನಗೆ ಅವಳ ಉಪಾಯ ತಿಳಿಯಿತು. ಇವಳು ಗುಟ್ಟು ಬಿಡುವುದಿಲ್ಲ, ಆದರೆ ಅವರಿಗೆ ತಾನಾಗಿಯೇ ಗುರುತು ಸಿಗಲಿ ಎಂದು ಬಿಡುತ್ತಾಳೆ. ಗಂಡನಲ್ಲವೇ, ಸಂಸಾರ ಮಾಡಿದವರಲ್ಲವೇ, ಒಂದು ಮಾತಿಗೇ ಗೊತ್ತಾಗುತ್ತದೆ ಎಂದು ನಾನು ಕಾದು ನಿಂತೆ.

ಅವರು ಮರ್ಯಾದೆಗೆಂದು ತಲೆ ಬಗ್ಗಿಸಿ ಕೇಳಿದರು. ಕೊನೆಯವರೆಗೂ ಕೇಳಿದರು. ಅಮ್ಮ ಅವರ ಮುಖವನ್ನೇ ನೋಡುತ್ತಿದ್ದಳು. ಅವರು ಇಯರ್‌ಫೋನನ್ನು ಅದರ ಜಾಗದಲ್ಲಿಟ್ಟು, "ಚೆನ್ನಾಗಿದೆ ತಾಯಿ. ಇಂಥ ಧ್ವನಿ ಹೋಯ್ತಲ್ಲ ಅಂತ ಸಂಕಟ ಆಗುತ್ತೆ," ಅಂದರು. ನಂತರ ನನ್ನ ಕಡೆ ತಿರುಗಿ ಮೆಲ್ಲನೆ, "ಆದ್ರೆ ತಪ್ಪು ತಿಳ್ಕೋಬೇಡಮ್ಮ. ನಮ್ಮವಳದು ಬೇರೇನೇ. ಸಾವಿರ ಜನರ ಮಧ್ಯೆ ಇಟ್ರೂ ಗುರುತು ಹಿಡೀತೀನಿ," ಎಂದರು.

ನನ್ನ ಬಾಯಿ ತೆರೆದುಕೊಂಡಿತು. ಮಾತು ನಾಲಿಗೆಯ ಮೇಲೇ ಇತ್ತು, ಬಿಸಿ ತುಪ್ಪದ ಹಾಗೆ, ನುಂಗಲೂ ಆಗದೆ ಉಗುಳಲೂ ಆಗದೆ. ಅಮ್ಮ ಅವರಿಗೆ ಹೌದೆಂದು ತಲೆಯಾಡಿಸುತ್ತಿದ್ದಳು.

"ಬಾ, ಕೇಳು ಬಾ. ಆಗಿನಿಂದ ಕಾಯ್ತಿದ್ದೀಯ. ನಾನು ಬೇಕಂತಲೇ ತಿರುಗಲಿಲ್ಲ," ಎಂದು ನಕ್ಕರು. "ನಮ್ಮವಳೂ ಹಾಗೇನೇ. ಎಡಗಡೆಯಿಂದ ಕರೆದ್ರೆ ತಿರುಗ್ತಾನೇ ಇರಲಿಲ್ಲ. ಎಂಥ ಹಠಮಾರಿ ಅಂತೀಯ. ಅದಕ್ಕೇ ಎಷ್ಟು ಜಗಳ ಆಡಿದ್ವಿ." ಏಳನೇ ಸೀಟಿನ ಇಯರ್‌ಫೋನನ್ನು ನನ್ನ ಕೈಯಲ್ಲಿಡುತ್ತ ಹೇಳಿದರು, "ಒಂದು ವಿಷಯ ಗಮನಿಸು. ಮಾತಿಗೆ ಮುಂಚೆ ಒಂಚೂರು ಉಸಿರು ಎಳ್ಕೋತಾಳೆ. ನನ್ನ ಬೈಯೋಕೆ ಮುಂಚೇನೂ ಹಾಗೇ ಮಾಡ್ತಿದ್ಲು. ಇದನ್ನ ಕೇಳೋವರೆಗೂ ನನಗೆ ಮರೆತೇ ಹೋಗಿತ್ತು."

ಕಿವಿಗೆ ಹಿಡಿದೆ.

ಮೊದಲು ಉಸಿರು ಬಂತು. ಆಮೇಲೆ "ನಂಬರ್ ಹೇಳಿ" ಬಂತು. ಮತ್ತೆ ಉಸಿರು. "ಕೊಡ್ತಾ ಇದ್ದೀನಿ, ಲೈನಲ್ಲೇ ಇರಿ." ನನಗೆ ಅಳು ಬಂತು, ಅದರ ಜೊತೆಗೇ ಕೋಪವೂ ಬಂತು. ನನ್ನ ಬಾಲ್ಯದ ಬೈಗುಳಗಳೆಲ್ಲ ಆ ಉಸಿರಿನ ಬೆನ್ನಿಗಿದ್ದವು. ಅದು ನನ್ನದು, ಇವರದಲ್ಲ, ಇವರ ಹೆಂಡತಿಯದೂ ಅಲ್ಲ ಎಂದು ಕೂಗಬೇಕೆನಿಸಿತು. ಕಿವಿಗೆ ಇನ್ನೂ ಗಟ್ಟಿಯಾಗಿ ಒತ್ತಿಕೊಂಡೆ. ಸ್ವೆಟರಿನವರು ಪಕ್ಕದಲ್ಲೇ ನಿಂತಿದ್ದರು, ಒಳ್ಳೆಯವರು, ಅವಸರ ಮಾಡಲಿಲ್ಲ. ಆದರೆ ಅವರ ಕೈ ಆಗಲೇ ಅರ್ಧ ಚಾಚಿಕೊಂಡಿತ್ತು. ಅದು ಅವರಿಗೇ ಗೊತ್ತಿರಲಿಲ್ಲ.

"ಹೇಗಿದೆ ಹೇಳು," ಅಂದರು.

"ಚೆನ್ನಾಗಿದೆ ಅಂಕಲ್. ನೀವು ಹೇಳಿದ್ದು ನಿಜ. ಬೇರೇನೇ ಇದೆ."

ಇಯರ್‌ಫೋನು ಅವರ ಕೈಗೆ ಕೊಟ್ಟೆ. ಅವರು ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿದರು. ಅಮ್ಮ ಆರನೇ ಸೀಟಿಗೆ ಮರಳಿ ಇನ್ನೊಂದು ಸಲ ಕೇಳಿದಳು. ಗೋಡೆಗೆ ಒರಗಿ ನಿಂತರೆ ಕಾವಲಿನ ಹೆಂಗಸು, ಗೋಡೆ ಮುಟ್ಟಬೇಡಿ ಮೇಡಂ ಅಂದಳು. ನಾನು ಹಾಲಿನ ಮಧ್ಯೆ ಬರಿಗೈಯಲ್ಲಿ ನಿಂತೆ.

ಹೊರಗೆ ಬರುವಾಗ ಲಾಕರಿನ ಬೀಗ ತೆರೆಯಲಿಲ್ಲ. ಯಾರನ್ನೋ ಕರೆಸಬೇಕಾಯಿತು. ನಾನು ಒಂದು ಮಾತನ್ನೂ ಆಡಲಿಲ್ಲ, ಅಮ್ಮ ಆಶ್ಚರ್ಯದಿಂದ ನನ್ನ ಮೂಗನ್ನೇ ನೋಡಿದಳು. ಕಾರಿನಲ್ಲಿ ಕೂತು ಎಂಜಿನ್ ಹಾಕಿದೆ. ಗೇಟಿನ ಹತ್ತಿರ ಬಂದು ನಿಂತವಳಿಗೆ ರಸ್ತೆ ಖಾಲಿಯಾದದ್ದು ತಿಳಿಯಲಿಲ್ಲ. ಹಿಂದಿನ ಕಾರು ಹಾರನ್ ಮಾಡಿತು, ಮತ್ತೆ ಮಾಡಿತು. ಕಣ್ಣು ಮಂಜಾಗಿತ್ತು. ಅಮ್ಮನ ತುಟಿ ನೋಡುವ ಸ್ಥಿತಿಯಲ್ಲಿ ನಾನಿರಲಿಲ್ಲ, ಎದುರಿನ ಗಾಜನ್ನೇ ನೋಡುತ್ತಿದ್ದೆ.

ಆಗ ಎಡಗಡೆಯಿಂದ, ಅವಳ ಕತ್ತಿನ ಬಟ್ಟೆಯ ಹಿಂದಿನಿಂದ, ಭಾರದ ಕೊಡ ಎತ್ತುವವಳ ಹಾಗೆ ಒಂದು ಸಣ್ಣ ಉಸಿರು ಕೇಳಿಸಿತು.

ತಿರುಗಿದೆ. ಅಮ್ಮ ಬೈಯುತ್ತಿದ್ದಳು.

"ಬ್ರೇಕಿನ ಮೇಲಿಂದ ಕಾಲು ತೆಗಿಯೇ," ಅಂದಳು.